ಎಐ, ದೇವರು, ನೀತಿ: ಎರಡರಲ್ಲಿ ಯಾವುದನ್ನು ಓದೋದು?

ಭಾನುವಾರ ಸಂಜೆ ಬಸವನಗುಡಿಯಲ್ಲಿ ನಾವು ಆರೇಳು ಜನ ಸೇರುತ್ತೇವೆ. ಈ ಸಲ ಏನು ಓದೋಣ ಅಂತ ಕೇಳಿದವರಿಗೆ ಇದು.

ಮೊದಲನೆಯದು 2020ರ ಫೆಬ್ರವರಿಯ ‘ರೋಮ್ ಕಾಲ್’, ಎಐ ನೀತಿಯ ಬಗ್ಗೆ ಒಂದು ಕರೆ. ಚಿಕ್ಕದು. ಕಾಫಿ ಆರುವಷ್ಟರಲ್ಲಿ ಮುಗಿಯುತ್ತದೆ. ಪಾರದರ್ಶಕತೆ, ಹೊಣೆಗಾರಿಕೆ ಹೀಗೆ ಆರು ತತ್ವಗಳು. ವ್ಯಾಟಿಕನ್ ಕಡೆಯವರ ಜೊತೆ ಮೈಕ್ರೋಸಾಫ್ಟ್, ಐಬಿಎಂ ಸಹಿ ಹಾಕಿದವು. 2023ರಲ್ಲಿ ಯಹೂದಿ, ಮುಸ್ಲಿಂ ಮುಖಂಡರೂ ಸೇರಿಕೊಂಡರು. ನಮ್ಮ ಐಟಿಯವರಿಗೆ ಸಲೀಸು. ಆದರೆ ಆಫೀಸಿನ ಪಾಲಿಸಿ ಓದಿದ ಹಾಗಿರುತ್ತದೆ, ಅಷ್ಟೇ.

ಎರಡನೆಯದು 2025ರ ಜನವರಿಯಲ್ಲಿ ವ್ಯಾಟಿಕನ್ ಹೊರಡಿಸಿದ ‘ಆಂಟಿಕ್ವಾ ಎತ್ ನೋವಾ’, ಎಐ ಮತ್ತು ಮನುಷ್ಯ ಬುದ್ಧಿಯ ಬಗ್ಗೆ ಒಂದು ಟಿಪ್ಪಣಿ. ಅದರಲ್ಲಿ 117 ಪ್ಯಾರಾಗಳಿವೆ. ಎಐ ಅನ್ನೋದು ಮನುಷ್ಯ ಬುದ್ಧಿಯ ಇನ್ನೊಂದು ರೂಪವಲ್ಲ, ಆ ಬುದ್ಧಿ ಮಾಡಿದ ವಸ್ತು ಅನ್ನುತ್ತದೆ. ನೀತಿಯ ಹೊಣೆ ಹೊರಬಲ್ಲವನು ಮನುಷ್ಯ ಮಾತ್ರವಂತೆ. ಹಾಗಾದರೆ ಯಂತ್ರ ನಮ್ಮ ಜೊತೆ ನೀತಿಯಲ್ಲಿ ಬೆಳೆಯೋದೇ ಇಲ್ವಾ? ಇಲ್ಲಿ ನನಗೆ ತಕರಾರಿದೆ. ಮೊನ್ನೆ ಚಾಟ್‌ಬಾಟ್‌ಗೆ ಸುಮ್ನೆ ಬೈದೆ. ಅದು ಕ್ಷಮೆ ಕೇಳಿತು. ಪಕ್ಕದಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ ಮಗಳು ತಲೆ ಎತ್ತದೆ, “ಅಪ್ಪಾ, ನೀನೂ ಸಾರಿ ಹೇಳು” ಅಂದಳು. ಟೈಪ್ ಮಾಡಿದೆ, ನಾಚಿಕೆಯಿಂದ.

ಒಂದೇ ಸಂಜೆ ಬಿಡುವಿದ್ದರೆ ಮೊದಲನೆಯದು. ಒಳ್ಳೆ ಜಗಳ ಬೇಕಿದ್ದರೆ ಎರಡನೆಯದು. ಬುದ್ಧಿ ಅಂದರೇನು ಎಂಬ ಭಾಗದಿಂದಲೇ ಶುರು ಮಾಡಿ.