ಅಪ್ಪನ ತಾಳಮದ್ದಳೆ ಬದಿಯಡ್ಕದಲ್ಲಿರಲಾ, ಮುಂಬೈಯಲ್ಲಿರಲಾ?

ಅಪ್ಪ ಊರೂರು ತಿರುಗಿ ರೆಕಾರ್ಡ್ ಮಾಡಿದ ತಾಳಮದ್ದಳೆ ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ ಮುಗಿಸಿದೆ. ಜೊತೆಗೆ ಅಮ್ಮನ ಆಸ್ಪತ್ರೆ ಚೀಟಿಗಳಿವೆ. ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ 1956ಕ್ಕೆ ಮೊದಲಿನ, ಕನ್ನಡದಲ್ಲೇ ಬರೆದ ಜಾಗದ ಕಾಗದಗಳಿವೆ. ಇವನ್ನೆಲ್ಲ ಎಲ್ಲಿಡುವುದು? ಆರು ತಿಂಗಳು ಬಾಡಿಗೆ ಸರ್ವರ್‌ನಲ್ಲಿಟ್ಟೆ, ಅಂದರೆ ದೂರದ ಕಂಪನಿಯೊಂದರ ಕಂಪ್ಯೂಟರಿನಲ್ಲಿ. ಆಮೇಲೆ ಒಂದು ವರ್ಷದಿಂದ ಬದಿಯಡ್ಕದ ಮನೆಯಲ್ಲೇ, ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರಿನಲ್ಲಿ. ಎರಡು ಕಡೆಯೂ ನೆಕ್ಸ್ಟ್‌ಕ್ಲೌಡ್, ಫೈಲುಗಳನ್ನು ನಮ್ಮದೇ ಸರ್ವರ್‌ನಲ್ಲಿಟ್ಟು ಎಲ್ಲಿಂದಲೂ ತೆರೆಯುವ ತಂತ್ರಾಂಶ.

ಮೊದಲು ಅಗ್ಗವೆಂದು ಜರ್ಮನಿಯ ಸರ್ವರ್ ಹಿಡಿದಿದ್ದೆ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಅಷ್ಟು ದೂರ ಹೋಗಿ ಬರಲಿಕ್ಕೇ 70 ಮಿಲಿಸೆಕೆಂಡಿಗಿಂತ ಜಾಸ್ತಿ ಬೇಕು. ನನಗೆ ಸಿಕ್ಕಿದ್ದು 170ರ ಆಸುಪಾಸು. ಪ್ರತಿ ಫೋಲ್ಡರ್ ತೆರೆಯುವಾಗಲೂ ಅದು ಗೊತ್ತಾಗುತ್ತಿತ್ತು. ಮುಂಬೈಗೆ ಬದಲಿಸಿದ ಮೇಲೆ ಆ ಕಿರಿಕಿರಿ ಹೋಯಿತು. ಬೆಂಗಳೂರಿನಲ್ಲಿರುವ ತಮ್ಮನಿಗಂತೂ ಮುಂಬೈಯದ್ದೇ ವೇಗ.

ಮನೆಯೊಳಗೆ ಲೆಕ್ಕ ಬೇರೆ. ನಮ್ಮ 100 ಎಂಬಿಪಿಎಸ್ ಲೈನಿನಲ್ಲಿ 1 ಜಿಬಿ ಮುಂಬೈಗೆ ಏರಲು 80 ಸೆಕೆಂಡಾದರೂ ಬೇಕು. ಪೈಗೆ ಕೇಬಲ್ಲಿನಲ್ಲಿ ಕಳಿಸಿದರೆ ಹದಿನೈದು ಸೆಕೆಂಡಿನೊಳಗೆ ಮುಗಿಯುತ್ತದೆ. ಕರೆಂಟಿನ ಖರ್ಚೂ ತಿಂಗಳಿಗೆ ಮೂರು ನಾಲ್ಕು ಯೂನಿಟ್ ಅಷ್ಟೇ.

ಆದರೆ ನಾನು ಮನೆಗೆ ತಂದದ್ದು ವೇಗಕ್ಕಾಗಿ ಅಲ್ಲ. ಬಾಡಿಗೆ ಸರ್ವರ್‌ನ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಬಹುದು, ಅಂದರೆ ಕೀಲಿ ಇಲ್ಲದೆ ಓದಲಾಗದ ಹಾಗೆ ಮಾಡಬಹುದು ನಿಜ. ಆದರೆ ಯಂತ್ರ ಓಡುತ್ತಿರುವಷ್ಟು ಹೊತ್ತು ಅದರ ಕೀಲಿ ಮೆಮೊರಿಯಲ್ಲೇ ಇರುತ್ತದೆ. ಆ ಮೆಮೊರಿ ಇನ್ನೊಬ್ಬರದ್ದು. ಅವರು ನೋಡುತ್ತಾರೆ ಅಂತ ನಾನು ಹೇಳುವುದಿಲ್ಲ. ನೋಡಬೇಕೆಂದರೆ ತಡೆಯಲು ನನ್ನ ಕೈಯಲ್ಲಿ ಏನೂ ಇಲ್ಲ, ಅಷ್ಟೇ. ಅಮ್ಮನ ಸ್ಕ್ಯಾನ್ ರಿಪೋರ್ಟು ಹಾಗೆ ಇರುವುದು ನನಗೆ ಸರಿ ಕಾಣಲಿಲ್ಲ. ಮನೆಯ ಡಿಸ್ಕೂ ಎನ್‌ಕ್ರಿಪ್ಟ್ ಆಗಿಯೇ ಇದೆ. ಕಳ್ಳ ಹೊತ್ತುಕೊಂಡು ಹೋದರೂ ಓದಲಾರ.

ಮನೆಯಲ್ಲಿ ತೊಂದರೆ ಎರಡು. ಒಂದು, ನಮ್ಮ ಇಂಟರ್ನೆಟ್ ಕಂಪನಿ ಕೊಡುವುದು 100.64ರಿಂದ ಶುರುವಾಗುವ ವಿಳಾಸ. ಎಷ್ಟೋ ಮನೆಗಳಿಗೆ ಸೇರಿ ಹೊರಗೆ ಕಾಣುವುದು ಒಂದೇ ಐಪಿ, ಅಂದರೆ ಇಂಟರ್ನೆಟ್ ವಿಳಾಸ. ಹೊರಗಿನಿಂದ ನೇರ ಒಳಗೆ ಬರಲು ದಾರಿಯೇ ಇಲ್ಲ. ಎರಡನೆಯದು ತುಲಾ ತಿಂಗಳ ಸಿಡಿಲು. ಒಂದು ಸಂಜೆ ಪ್ಲಗ್ ತೆಗೆಯಲು ತಡವಾಗಿ ರೌಟರ್ ಸುಟ್ಟೇ ಹೋಯಿತು. ಈಗ ಮೋಡ ಕಪ್ಪಾದರೆ ಸಾಕು, ಅಮ್ಮ ಫೋನ್ ಮಾಡುತ್ತಾರೆ.

"ಮಗಾ, ಗುಡುಗು ಶುರುವಾಯ್ತು. ಆ ಡಬ್ಬಿ ಬಂದ್ ಮಾಡ್ಲಾ?"

"ಮಾಡಮ್ಮ. ರೌಟರಿನ ಪ್ಲಗ್ಗೂ ತೆಗಿ."

ಮತ್ತೆ ಹಾಕಿದಾಗ ಡಿಸ್ಕಿನ ಪಾಸ್‌ವರ್ಡ್ ನಾನೇ ಬಂದು ಒತ್ತಬೇಕು. ಮುಂಬೈಯ ಸರ್ವರ್ ಮಾತ್ರ ಇದ್ದಷ್ಟು ದಿನ ಒಮ್ಮೆಯೂ ನಿಂತಿರಲಿಲ್ಲ.

ಹಾಗಾಗಿ ಬಾಡಿಗೆಯನ್ನು ಪೂರ್ತಿ ಬಿಟ್ಟಿಲ್ಲ. ಮುಂಬೈಯಲ್ಲಿ ಅತಿ ಚಿಕ್ಕ ಯಂತ್ರವೊಂದನ್ನು ಬಾಗಿಲಿನ ಹಾಗೆ ಇಟ್ಟುಕೊಂಡಿದ್ದೇನೆ. ಪೈ ತಾನಾಗಿ ಅಲ್ಲಿಗೆ ವೈರ್‌ಗಾರ್ಡ್ ಎಂಬ ತಂತ್ರಾಂಶದಿಂದ ಎನ್‌ಕ್ರಿಪ್ಟ್ ಆದ ಸುರಂಗ ಕಟ್ಟುತ್ತದೆ. ತಮ್ಮ ಆ ಬಾಗಿಲಿನಿಂದ ಒಳಗೆ ಬರುತ್ತಾನೆ. ಬ್ರೌಸರಿಗೂ ಪೈಗೂ ನಡುವಿನ ಮಾತನ್ನು ಗುಟ್ಟಾಗಿಡುವ ಟಿಎಲ್‌ಎಸ್ ಕೀಲಿ ಮನೆಯಲ್ಲೇ ಇದೆ. ಯಾರು ಯಾವ ಐಪಿಯಿಂದ ಬಂದರು, ಎಷ್ಟು ಡೇಟಾ ಹೋಯಿತು ಎಂಬಂಥದ್ದಷ್ಟೇ ಮುಂಬೈಗೆ ಕಾಣುತ್ತದೆ, ಒಳಗಿನದ್ದು ಕಾಣುವುದಿಲ್ಲ. ಬ್ಯಾಕಪ್ಪೂ ಮನೆಯಲ್ಲೇ ಎನ್‌ಕ್ರಿಪ್ಟ್ ಆಗಿ, ಆಮೇಲೆ ಹೊರಗೆ ಹೋಗುತ್ತದೆ. ತಮ್ಮನಿಗೆ ದೊಡ್ಡ ಫೈಲು ಇಳಿಸಲು ಈಗ ಮೊದಲಿಗಿಂತ ಹೆಚ್ಚು ಹೊತ್ತು ಬೇಕು. ಅಪ್ಪನ ಅರ್ಥಗಾರಿಕೆ ಕೇಳಲು ಮಾತ್ರ ಯಾವ ತಡೆಯೂ ಇಲ್ಲ. ಆಡಿಯೋಗೆ ಎಷ್ಟು ವೇಗ ಬೇಕು, ಅಲ್ವಾ? ಪೇಜು ತೆರೆಯದಿದ್ದರೆ ಅವನು ಮೊದಲು ಕೇಳುವುದು, "ಅಣ್ಣ, ಅಲ್ಲಿ ಗುಡುಗಾ?"