ಹೊಸ ಪ್ರೋಗ್ರಾಂ, ಹಳೆಯ ಸಂಖ್ಯೆ: ನಮ್ಮ ಬಿಲ್ಡ್ ಹೇಳಿದ ಸುಳ್ಳು

ಆವೃತ್ತಿ ಸಂಖ್ಯೆಯನ್ನು ತಾನಾಗಿಯೇ ಬೈನರಿಯೊಳಗೆ, ಅಂದರೆ ಸೋರ್ಸ್ ಕೋಡ್‌ನಿಂದ ತಯಾರಾಗುವ ಓಡಿಸಬಲ್ಲ ಫೈಲಿನೊಳಗೆ, ಸೇರಿಸುವ ಸ್ಕ್ರಿಪ್ಟ್ ನಿಮ್ಮ ಬಿಲ್ಡ್‌ನಲ್ಲಿಯೂ ಇದ್ದರೆ ಇಂದೇ ಒಮ್ಮೆ ತೆರೆದು ನೋಡಿ. ನಾನು ನೋಡಲಿಲ್ಲ. ಅದರ ಫಲವಾಗಿ ಒಬ್ಬ ಗ್ರಾಹಕರೊಂದಿಗೆ ಎರಡು ವಾರ ವಾದ ಮಾಡಿದೆ, ತಪ್ಪೆಲ್ಲ ನಮ್ಮ ಕಡೆಯೇ ಇದ್ದಾಗ.

ನಮ್ಮ ಪ್ರೋಗ್ರಾಂ ಶುರುವಾದ ಕೂಡಲೇ ಲಾಗ್‌ನ ಮೊದಲ ಸಾಲಿನಲ್ಲಿ ತನ್ನ ಆವೃತ್ತಿಯನ್ನು ಬರೆಯುತ್ತದೆ. ಸಂಖ್ಯೆ ಬರುವುದು ಕೋಡ್‌ನ ಬದಲಾವಣೆಗಳ ಇತಿಹಾಸ ಕಾಯುವ ಗಿಟ್‌ನ ಡಿಸ್ಕ್ರೈಬ್ ಆದೇಶದಿಂದ. 2.4.1-12 ಎಂದಿದ್ದರೆ 2.4.1 ಎಂಬ ಟ್ಯಾಗ್ (ಹೆಸರಿನ ಗುರುತು) ಹಾಕಿದ ಮೇಲೆ 12 ಕಮಿಟ್‌ಗಳಾಗಿವೆ (ದಾಖಲಾದ ಬದಲಾವಣೆಗಳು) ಎಂದರ್ಥ. ಅದರ ಬಾಲಕ್ಕೆ ಕಮಿಟ್‌ನ ಹ್ಯಾಶ್, ಅಂದರೆ ಅದನ್ನು ಗುರುತಿಸುವ ಅಕ್ಷರ-ಅಂಕಿಗಳ ಸರಣಿ, ಇರುತ್ತದೆ. ಒಂದು ಕ್ರ್ಯಾಶ್‌ಗೆ ಪರಿಹಾರ 19ನೇ ಕಮಿಟ್‌ನಲ್ಲಿ ಸೇರಿತ್ತು. ಹೊಸ ಬಿಲ್ಡ್ ಕಳಿಸಿದೆವು. ಎರಡೇ ದಿನದಲ್ಲಿ ಮತ್ತೆ ದೂರು ಬಂತು. ಲಾಗ್ ತರಿಸಿ ನೋಡಿದರೆ ಮೊದಲ ಸಾಲಿನಲ್ಲಿ 2.4.1-12.

“ನೀವು ಹೊಸ ಆವೃತ್ತಿಯನ್ನು ಹಾಕಿಕೊಂಡೇ ಇಲ್ಲ” ಎಂದು ಬರೆದೆ. ಹಾಕಿಕೊಂಡಿದ್ದೇವೆ ಎಂದರು. ಹಳೆಯ ಫೋಲ್ಡರ್ ಅಳಿಸಿ ಮತ್ತೊಮ್ಮೆ ಹಾಕಿ ಎಂದೆ. ಹಾಕಿದರು, ಸಂಖ್ಯೆ ಬದಲಾಗಲಿಲ್ಲ. ನನ್ನ ಪತ್ರಗಳ ಧಾಟಿ ಬಿಗಿಯಾಗುತ್ತಾ ಹೋಯಿತು. ಈ ನಡುವೆ 12ನೇ ಕಮಿಟ್‌ನ ಸೋರ್ಸ್ ಇಟ್ಟುಕೊಂಡು ಬ್ಯಾಕ್‌ಟ್ರೇಸ್ (ಕ್ರ್ಯಾಶ್ ಆದ ಜಾಗಕ್ಕೆ ಪ್ರೋಗ್ರಾಂ ಬಂದ ದಾರಿಯ ಪಟ್ಟಿ) ಓದುತ್ತಿದ್ದೆ. ಅದು ಬೆರಳು ಮಾಡಿದ 318ನೇ ಸಾಲಿನಲ್ಲಿ ಇದ್ದದ್ದು ಒಂದು ಕಾಮೆಂಟ್. ಕಾಮೆಂಟ್ ಕ್ರ್ಯಾಶ್ ಆಗುವುದುಂಟೇ? ವೇಗಕ್ಕಾಗಿ ಕಂಪೈಲರ್ ಮಾಡುವ ಆಪ್ಟಿಮೈಸೇಶನ್ ಸಾಲುಗಳನ್ನು ಕಲಸಿಹಾಕಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕೊನೆಗೆ ಗ್ರಾಹಕರೇ ತಮ್ಮಲ್ಲಿದ್ದ ಫೈಲಿನ ಚೆಕ್‌ಸಮ್, ಅಂದರೆ ಒಳವಸ್ತುವಿನಿಂದ ಲೆಕ್ಕಹಾಕಿದ ಬೆರಳಚ್ಚು, ಕಳಿಸಿದರು. ನಾವು ಕಳಿಸಿದ ಹೊಸ ಫೈಲಿನದಕ್ಕೂ ಅದಕ್ಕೂ ಒಂದಕ್ಷರದ ವ್ಯತ್ಯಾಸವಿರಲಿಲ್ಲ.

ದೋಷವಿದ್ದದ್ದು ನಾನೇ ಬರೆದ ನಾಲ್ಕು ಸಾಲುಗಳಲ್ಲಿ. ಬಿಲ್ಡ್ ಸಿದ್ಧಪಡಿಸುವ ಸಿಮೇಕ್ ಎಂಬ ಸಾಧನದ ಎಕ್ಸಿಕ್ಯೂಟ್ ಪ್ರೋಸೆಸ್ ಆದೇಶದಿಂದ ಗಿಟ್ ಅನ್ನು ಕರೆದು, ಬಂದ ಉತ್ತರವನ್ನು ಹೆಡರ್ ಫೈಲಿಗೆ ಬರೆಸುತ್ತಿದ್ದೆ. ಆ ಆದೇಶ ನಡೆಯುವುದು ಕಾನ್ಫಿಗರ್ ಹಂತದಲ್ಲಿ (ಕಂಪೈಲ್‌ಗೆ ಮುನ್ನ ತಯಾರಿ ಮಾಡಿಕೊಳ್ಳುವಾಗ), ಬಿಲ್ಡ್ ಹಂತದಲ್ಲಲ್ಲ. ಸಮಯ ಉಳಿಸಲು ನಮ್ಮ ಬಿಲ್ಡ್ ಯಂತ್ರ ಹಳೆಯ ಫೋಲ್ಡರನ್ನೇ ಇಟ್ಟುಕೊಂಡು ಬದಲಾದ ಫೈಲುಗಳನ್ನಷ್ಟೇ ಕಂಪೈಲ್ ಮಾಡುತ್ತಿತ್ತು. 12ನೇ ಕಮಿಟ್ ಆದ ಮೇಲೆ ಸಿಮೇಕ್ ಫೈಲುಗಳನ್ನು ಯಾರೂ ಮುಟ್ಟಿರಲಿಲ್ಲ, ಹಾಗಾಗಿ ಕಾನ್ಫಿಗರ್ ಮತ್ತೆ ನಡೆದಿರಲೇ ಇಲ್ಲ. ಕೋಡ್ ಹೊಸದು, ಹಣೆಪಟ್ಟಿ ಹಳೆಯದು. ಗ್ರಾಹಕರಿಗೆ ಆಗುತ್ತಿದ್ದದ್ದು ಹಳೆಯ ಕ್ರ್ಯಾಶೇ ಅಲ್ಲ, ನಮ್ಮ ಪರಿಹಾರವೇ ಹುಟ್ಟಿಸಿದ ಇನ್ನೊಂದು. ಸರಿಯಾದ ಸೋರ್ಸ್ ತೆರೆದಾಗ ಅದನ್ನು ಹಿಡಿಯಲು ಅರ್ಧ ಗಂಟೆ ಹಿಡಿಯಿತು.

ಇದನ್ನು ಸರಿಪಡಿಸುವ ಭರದಲ್ಲಿ ಇನ್ನೊಂದು ಹಳ್ಳಕ್ಕೆ ಬಿದ್ದೆವು. ಒಟ್ಟಾರೆ ಒಂದು ಸಂಖ್ಯೆ ಸಾಲದು, ಪ್ರತಿ ಸೋರ್ಸ್ ಫೈಲಿನ ಆವೃತ್ತಿಯೂ ಬೈನರಿಯಲ್ಲಿ ಇರಲಿ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಹೇಳಿದರು. ವಿಚಾರ ಹಳೆಯದು. 1972ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಎಸ್‌ಸಿಸಿಎಸ್ ಎಂಬ ಆವೃತ್ತಿ ನಿರ್ವಹಣಾ ಸಾಧನದ ಕಾಲದಿಂದಲೂ ಫೈಲಿನ ಗುರುತನ್ನು ಒಂದು ಸ್ಟ್ರಿಂಗ್ ಆಗಿ ಕೋಡ್‌ನಲ್ಲಿಟ್ಟು, ಬೈನರಿಯಿಂದ ಹೆಕ್ಕಿ ತೆಗೆಯುವ ಪದ್ಧತಿ ಇದೆ. ಪ್ರತಿ ಫೈಲಿನ ತಲೆಗೆ ಒಂದು ಸ್ಟ್ಯಾಟಿಕ್ ಕಾನ್ಸ್ಟ್ ಸ್ಟ್ರಿಂಗ್ ಹಾಕಿದೆವು. ನನ್ನ ಯಂತ್ರದ ಡೀಬಗ್ ಬಿಲ್ಡ್‌ನಲ್ಲಿ ಎಲ್ಲವೂ ಸಾಲಾಗಿ ಕಂಡವು. ಗ್ರಾಹಕರಿಗೆ ಕಳಿಸುವ ರಿಲೀಸ್ ಬಿಲ್ಡ್‌ನಲ್ಲಿ ಒಂದೂ ಇಲ್ಲ! ಯಾರೂ ಬಳಸದ ಸ್ಟ್ರಿಂಗ್ ಅನ್ನು ಆಪ್ಟಿಮೈಸೇಶನ್ ಹಾಕಿದೊಡನೆ ಜಿಸಿಸಿ ಕಂಪೈಲರ್ ಎಸೆದುಬಿಡುತ್ತದೆ. ಯೂಸ್ಡ್ ಎಂಬ ಆಟ್ರಿಬ್ಯೂಟ್ ಕೊಟ್ಟರೆ ಕಂಪೈಲರ್ ಕೈಯಿಂದ ಉಳಿಯುತ್ತದೆ, ಆದರೆ ಬಳಸದ ಸೆಕ್ಷನ್‌ಗಳನ್ನು ತೆಗೆಯಲು, ಕಂಪೈಲ್ ಆದ ತುಂಡುಗಳನ್ನು ಜೋಡಿಸುವ ಲಿಂಕರ್‌ಗೆ ಹೇಳಿದ್ದರೆ ಅಲ್ಲಿ ಮತ್ತೆ ಹೋಗಬಹುದು.

ಸ್ಟ್ರಿಂಗ್ ಉಳಿದರೂ ಅದರೊಳಗಿನ ಗುರುತು ನೆಟ್ಟಗಿರಬೇಕಲ್ಲ. ಗಿಟ್‌ನ ಐಡೆಂಟ್ ಸೌಲಭ್ಯ ಅಲ್ಲಿ ತುಂಬುವುದು ಆ ಫೈಲಿನ ಒಳವಸ್ತುವಿನ ಹ್ಯಾಶ್, ಕಮಿಟ್‌ನದಲ್ಲ. ತುಂಬುವುದೂ ಚೆಕ್‌ಔಟ್ ಸಮಯದಲ್ಲಿ (ಗಿಟ್ ಫೈಲನ್ನು ಫೋಲ್ಡರ್‌ಗೆ ಇಳಿಸುವಾಗ) ಮಾತ್ರ. ಫೈಲನ್ನು ತಿದ್ದಿ ಕಮಿಟ್ ಮಾಡಿ ಅಲ್ಲಿಯೇ ಕಂಪೈಲ್ ಮಾಡಿದರೆ ಒಳಗೆ ಕೂರುವುದು ಹಿಂದಿನ ಹ್ಯಾಶ್. ಸುಳ್ಳು ಸಂಖ್ಯೆಯಿಂದ ಪಾರಾಗಲು ಹೋಗಿ, ಫೈಲಿಗೊಂದರಂತೆ ಸುಳ್ಳು ಸಂಖ್ಯೆ ಸಂಪಾದಿಸಿದ ಹಾಗಾಯಿತು. ಅದನ್ನೆಲ್ಲ ಕಿತ್ತೆವು. ಕಮಿಟ್‌ನ ಹ್ಯಾಶ್ ಗೊತ್ತಿದ್ದರೆ ಪ್ರತಿ ಫೈಲಿನ ಆವೃತ್ತಿಯೂ ಗೊತ್ತಿದ್ದಂತೆಯೇ. ಇಷ್ಟು ಸರಳ ವಿಷಯ ಮೊದಲೇ ಹೊಳೆಯಲಿಲ್ಲ.

ಈಗ ಆವೃತ್ತಿ ಒಂದೇ ಒಂದು ಪುಟ್ಟ ಸೋರ್ಸ್ ಫೈಲಿನಲ್ಲಿದೆ. ಪ್ರತಿ ಬಿಲ್ಡ್‌ನಲ್ಲಿಯೂ ಸ್ಕ್ರಿಪ್ಟ್ ಓಡುತ್ತದೆ, ಆದರೆ ಸಂಖ್ಯೆ ಬದಲಾಗಿದ್ದರೆ ಮಾತ್ರ ಫೈಲನ್ನು ಹೊಸದಾಗಿ ಬರೆಯುತ್ತದೆ. ಇಲ್ಲದಿದ್ದರೆ ವಿನಾಕಾರಣ ಕಂಪೈಲ್ ಮತ್ತು ಲಿಂಕ್ ಆಗುತ್ತಿರುತ್ತದೆ. ಕಮಿಟ್ ಆಗದ ತಿದ್ದುಪಡಿ ಇದ್ದರೆ ಡರ್ಟಿ ಎಂಬ ಬಾಲ ಸೇರುತ್ತದೆ. ಇಲ್ಲಿಯೂ ಎಚ್ಚರ ಬೇಕು: ಗಿಟ್‌ಗೆ ಸೇರಿಸದೇ ಇರುವ ಹೊಸ ಫೈಲನ್ನು ಡಿಸ್ಕ್ರೈಬ್ ಡರ್ಟಿ ಎಂದು ಎಣಿಸುವುದಿಲ್ಲ. ಫೋಲ್ಡರ್‌ನಲ್ಲಿರುವ ಎಲ್ಲ ಸಿ ಫೈಲುಗಳನ್ನೂ ಬಾಚಿಕೊಳ್ಳುವ ಬಿಲ್ಡ್ ನಿಮ್ಮದಾದರೆ, ಅಂಥ ಫೈಲು ಬೈನರಿಯೊಳಗೆ ಸೇರಿಯೂ ಆವೃತ್ತಿ ಸ್ವಚ್ಛವಾಗಿಯೇ ಕಾಣುತ್ತದೆ. ಗಿಟ್ ಸ್ಟೇಟಸ್ ಕೂಡ ಕೇಳಿ ನೋಡಬೇಕು.

ಇನ್ನೊಂದು ಬದಲಾವಣೆ. ಗಿಟ್ ಉತ್ತರಿಸದಿದ್ದರೆ ಹಳೆಯ ಸ್ಕ್ರಿಪ್ಟ್ ಸದ್ದಿಲ್ಲದೆ “ಅಜ್ಞಾತ” ಎಂದು ಬರೆದು ಮುಂದುವರಿಯುತ್ತಿತ್ತು. ಈಗ ಬಿಲ್ಡ್ ಅಲ್ಲಿಯೇ ನಿಲ್ಲುತ್ತದೆ. ಎಲ್ಲ ಮುಗಿದ ಮೇಲೆ ತಯಾರಾದ ಬೈನರಿಯನ್ನೇ ಓಡಿಸಿ, ಅದು ಹೇಳುವ ಹ್ಯಾಶ್ ಚೆಕ್‌ಔಟ್ ಆಗಿರುವ ಕಮಿಟ್‌ನದೇ ಎಂದು ಹೋಲಿಸುತ್ತೇವೆ. ಮೊದಲ ವಾರವೇ ಬಿಲ್ಡ್ ಒಮ್ಮೆ ನಿಂತಿತು. ಹಿಂದಿನ ಇತಿಹಾಸವಿಲ್ಲದ ಗಿಟ್ ಪ್ರತಿಯಲ್ಲಿ (ಶಾಲೋ ಕ್ಲೋನ್) ಟ್ಯಾಗ್‌ಗಳೇ ಇರಲಿಲ್ಲ, ಡಿಸ್ಕ್ರೈಬ್ ಕೈಚೆಲ್ಲಿತ್ತು.

ಗ್ರಾಹಕರಿಗೆ ಕ್ಷಮೆ ಕೇಳಿ ಪತ್ರ ಬರೆದು, ಜೊತೆಗೆ ಸರಿಯಾದ ಬಿಲ್ಡ್ ಕಳಿಸಿದೆ. ಒಂದೇ ಸಾಲಿನ ಉತ್ತರ ಬಂತು: “ಮೊದಲ ಸಾಲಿನಲ್ಲಿ 2.4.1-31 ಎಂದಿದೆ, ಚೆಕ್‌ಸಮ್ ಕೂಡ ಕಳಿಸಬೇಕೇ?”