ಹಳೇ ಟ್ಯಾಂಕಿನ ಮರಳನ್ನು ಹೊಸ ಟ್ಯಾಂಕಿಗೆ ಹಾಕಬೇಡಿ

ಮನೆಯಲ್ಲಿ ಸಮುದ್ರದ ಮೀನು, ಹವಳ ಸಾಕುತ್ತಿರುವವರು, ಅದರಲ್ಲೂ ಚಿಕ್ಕ ಟ್ಯಾಂಕ್ ಬಿಟ್ಟು ದೊಡ್ಡದಕ್ಕೆ ಹೋಗೋಣ ಅಂತ ಯೋಚಿಸುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಐದು ವರ್ಷ ಒಂದೂ ತೊಂದರೆ ಇಲ್ಲದೆ ನಡೆದಿದ್ದ ನನ್ನ ಟ್ಯಾಂಕ್ ಒಂದೇ ರಾತ್ರಿಯಲ್ಲಿ ಹಾಳಾಯಿತು. ಅದಕ್ಕೆ ಕಾರಣ ನಾನೇ ಕಸದ ಮೊರದಲ್ಲಿ ಗೋರಿ ಗೋರಿ ಹೊಸ ಟ್ಯಾಂಕಿಗೆ ಸುರಿದ ಮರಳು.

ಈ ಹುಚ್ಚು ನನಗೆ ಹತ್ತಿದ್ದು ಮುರುಡೇಶ್ವರದಲ್ಲಿ. ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪದ ಹತ್ತಿರ ಹೋಗಿ ಮೊದಲ ಸಲ ನೀರಿಗೆ ಇಳಿದಾಗ ಕಂಡಿದ್ದು ಇವತ್ತಿಗೂ ಕಣ್ಣಲ್ಲಿದೆ. ಮನೆಗೆ ಬಂದು ಆರು ತಿಂಗಳು ಓದಿ, ಆಮೇಲೆ ಮೂರು ಅಡಿಯ ಟ್ಯಾಂಕ್ ಶುರು ಮಾಡಿದೆ. ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಕಲ್ಲು ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್ 1ರಲ್ಲಿವೆ, ಹುಲಿ ಆನೆ ಇರುವ ಪಟ್ಟಿ ಅದು. ಯಾರಾದರೂ ಕದ್ದು ಮುಚ್ಚಿ ಕೊಡುತ್ತೇನೆ ಅಂದರೆ ತೆಗೆದುಕೊಳ್ಳಬೇಡಿ. ನನ್ನ ಹತ್ತಿರ ಇದ್ದಿದ್ದು ಮೆತ್ತನೆಯ ಹವಳಗಳು ಮಾತ್ರ: ಒಂದು ದೊಡ್ಡ ಲೆದರ್, ಮಶ್ರೂಮ್, ಜೋವಾ. ಕಲ್ಲು ಕೂಡ ಕೃತಕವಾಗಿ ಮಾಡಿದ್ದು. ಮೀನಿನಲ್ಲಿ ಒಂದು ಜೋಡಿ ಕ್ಲೌನ್, ಒಂದು ರಾಯಲ್ ಗ್ರಾಮ. ಜೊತೆಗೆ ಒಂದು ಕ್ಲೀನರ್ ಸಿಗಡಿ. ಕ್ಲೌನ್ ಜೋಡಿಯಲ್ಲಿ ದೊಡ್ಡದು ಹೆಣ್ಣು. ಮಗಳು ಅದಕ್ಕೆ ಗೌರಿ ಅಂತ ಹೆಸರಿಟ್ಟಿದ್ದಳು.

ಹಳೇ ಟ್ಯಾಂಕ್ ಸುಮಾರು 180 ಲೀಟರ್. ಹೊಸದು ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ. ಅಂದರೆ 450 ಲೀಟರ್. ನಮ್ಮದು ರಾಜಾಜಿನಗರದಲ್ಲಿ ಮೊದಲನೇ ಮಹಡಿಯ ಮನೆ, ಹಾಗಾಗಿ ಮೊದಲು ಭಾರದ ಲೆಕ್ಕ ಹಾಕಿಸಿದೆ. ನೀರು, 12 ಮಿಲಿಮೀಟರ್ ಗಾಜು, ಕಲ್ಲು, ಮರಳು, ಸ್ಟ್ಯಾಂಡ್, ಕೆಳಗಿನ ಫಿಲ್ಟರ್ ಟ್ಯಾಂಕ್ ಎಲ್ಲ ಸೇರಿದರೆ 700 ಕೆಜಿ ದಾಟುತ್ತದೆ, ಅದೂ ಎಂಟು ಚದರ ಅಡಿ ಜಾಗದಲ್ಲಿ. ಮನೆಗಳ ನೆಲಕ್ಕೆ ಸಾಮಾನ್ಯವಾಗಿ ಹಿಡಿಯುವ ಲೆಕ್ಕ ಚದರ ಮೀಟರಿಗೆ 200 ಕೆಜಿ. ಪರಿಚಯದ ಎಂಜಿನಿಯರ್ ಬಂದು ನೋಡಿ, ಬೀಮ್ ಮೇಲೆ ಬರುವ ಹಾಗೆ ಗೋಡೆ ಪಕ್ಕ ಇಡಿಸಿದರು. ಆ ಕೆಲಸ ಸರಿಯಾಗಿ ಆಯಿತು.

ತಪ್ಪು ಶುರುವಾಗಿದ್ದು ಹಳೇ ಟ್ಯಾಂಕನ್ನು ಮುಂಚೆಯೇ ಮಾರಿದ್ದರಿಂದ. ಕೊಂಡವರು ಭಾನುವಾರ ಬೆಳಿಗ್ಗೆ ಗಾಡಿ ತರುತ್ತೇವೆ ಅಂದಿದ್ದರು. ಸ್ಟ್ಯಾಂಡ್ ಮಾಡುವವರು ಎರಡು ವಾರ ತಡ ಮಾಡಿ ಶುಕ್ರವಾರ ಸಂಜೆ ತಂದಿಟ್ಟರು. ಹೊಸ ಟ್ಯಾಂಕನ್ನು ಬೇರೆಯಾಗಿ ಓಡಿಸಿ, ನಾಲ್ಕರಿಂದ ಆರು ವಾರ ಒಳ್ಳೆಯ ಬ್ಯಾಕ್ಟೀರಿಯಾ ಬೆಳೆಯಲು ಬಿಟ್ಟು ಪಳಗಿಸಿ, ಆಮೇಲೆ ಮೀನು ಬಿಡಬೇಕು ಅನ್ನುವುದು ನನ್ನ ಮೊದಲ ಯೋಚನೆಯಾಗಿತ್ತು. ಅದು ಹೋಗಿ ಒಂದೇ ದಿನದಲ್ಲಿ ಎಲ್ಲ ಮುಗಿಸಬೇಕಾಯಿತು. ಕೊಂಡವರಿಗೆ ಫೋನ್ ಮಾಡಿ "ಇನ್ನೊಂದು ತಿಂಗಳು ಬಿಟ್ಟು ಬನ್ನಿ" ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಮಾತು ಕೊಟ್ಟಾಗಿದೆ ಅಂತ ಸುಮ್ನೆ ಸಂಕೋಚ.

ಒಂದೇ ದಿನದಲ್ಲಿ ಸಾಗಿಸುವುದು ಆಗದ ಕೆಲಸ ಏನಲ್ಲ, ಎಷ್ಟೋ ಜನ ಮಾಡುತ್ತಾರೆ. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾ ಅನ್ನುವ ವಿಷವನ್ನು ಅರಗಿಸುವ ಬ್ಯಾಕ್ಟೀರಿಯಾ ಜಾಸ್ತಿ ಇರುವುದು ಕಲ್ಲಿನ ಮೇಲೆ, ಕಲ್ಲಿನ ಸಣ್ಣ ಸಣ್ಣ ತೂತುಗಳ ಒಳಗೆ. ಕಲ್ಲನ್ನು ಒಣಗಲು ಬಿಡದೆ ಹೊಸ ಟ್ಯಾಂಕಿಗೆ ಹಾಕಿದರೆ ಅವೂ ಜೊತೆಗೆ ಬರುತ್ತವೆ. ಆದರೆ ನಾನು ಒಬ್ಬ ಅಂಗಡಿಯವರನ್ನು ಮರಳಿನ ಬಗ್ಗೆ ಕೇಳಿದೆ. "ಹಳೇ ಮರಳು ಅಂದರೆ ಬಂಗಾರ ಸಾರ್, ಬ್ಯಾಕ್ಟೀರಿಯಾ ಎಲ್ಲ ಅದರಲ್ಲೇ ಇರುವುದು, ತೊಳೆಯಬೇಡಿ, ಹಾಗೇ ಹಾಕಿ" ಅಂದರು. ಅವರು ಹತ್ತು ವರ್ಷದಿಂದ ಇದೇ ವ್ಯಾಪಾರದಲ್ಲಿದ್ದವರು. ನಂಬಿದೆ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಶುರು. ಹಳೇ ನೀರನ್ನೇ ಮೂರು ಡ್ರಮ್ಮಿಗೆ ತುಂಬಿ, ಗಾಳಿಯ ಗುಳ್ಳೆ ಬಿಡುವ ಗಾಳಿ ಕಲ್ಲು ಹಾಕಿ, ಮೀನು ಒಂದರಲ್ಲಿ, ಹವಳ ಒಂದರಲ್ಲಿ, ಕಲ್ಲು ಒಂದರಲ್ಲಿ ಇಟ್ಟೆ. ಮಧ್ಯಾಹ್ನದ ಹೊತ್ತಿಗೆ ಟ್ಯಾಂಕಿನಲ್ಲಿ ನಾಲ್ಕು ಇಂಚು ಮರಳು, ಅದರ ಮೇಲೆ ಒಂದು ಬೆರಳು ನೀರು ಉಳಿದಿತ್ತು. ಮೊರ ಒತ್ತಿದೆ. ಮೇಲಿನದು ಬಿಳಿ ಇತ್ತು, ಬೆಲ್ಲದ ಪುಡಿ ತರಹ ಸಡಿಲವಾಗಿ ಬಂತು. ಎರಡನೇ ಸಲ ಆಳಕ್ಕೆ ಹಾಕಿದಾಗ ಮೊರದ ಅಂಚಿನಲ್ಲಿ ಬೂದು ಬಣ್ಣದ ಗೆರೆ ಕಾಣಿಸಿತು. ಮೂಲೆಯಲ್ಲಿ, ಕಲ್ಲು ಕೂತಿದ್ದ ಜಾಗದಲ್ಲಿ, ಅದು ಕಪ್ಪಾಗಿತ್ತು, ಕಾಡಿಗೆ ತರಹ. ಕೊಳೆತ ಮೊಟ್ಟೆಯ ವಾಸನೆ ಹಾಲ್ ತುಂಬಾ ಹರಡಿತು. ಹೆಂಡತಿ ಅಡುಗೆ ಮನೆಯಿಂದ ಬಂದು "ಏನಿದು ವಾಸನೆ, ಇದನ್ನ ಮತ್ತೆ ಮೀನಿಗೆ ಹಾಕ್ತೀರಾ?" ಅಂತ ಕೇಳಿದಳು. ಅವಳು ಕೇಳಿದ್ದೇ ಸರಿ. ಬ್ಯಾಕ್ಟೀರಿಯಾ ಇರೋದೇ ಅಲ್ಲಿ ಅಂತ ನಾನು ಉತ್ತರ ಕೊಟ್ಟೆ.

ಆ ಕಪ್ಪು ಏನು ಅಂತ ಈಗ ಹೇಳುತ್ತೇನೆ. ಮರಳಿನ ಮೇಲ್ಪದರದಲ್ಲಿ ಆಮ್ಲಜನಕ ಓಡಾಡುತ್ತದೆ, ಒಳ್ಳೆಯ ಬ್ಯಾಕ್ಟೀರಿಯಾ ಅಲ್ಲಿ ಇರುವುದು ನಿಜ. ಕೆಳಗೆ ಹೋದ ಹಾಗೆ ಆಮ್ಲಜನಕ ಇಲ್ಲ. ಮೀನು ತಿನ್ನದೆ ಬಿಟ್ಟ ಊಟ, ಅದರ ಹೊಲಸು, ಸತ್ತ ಹುಳ ಹುಪ್ಪಟೆ ಎಲ್ಲ ವರ್ಷಗಟ್ಟಲೆ ಅಲ್ಲಿ ಇಳಿದು ಕೊಳೆಯುತ್ತವೆ. ಹೈಡ್ರೋಜನ್ ಸಲ್ಫೈಡ್, ಅಮೋನಿಯಾ ಅಲ್ಲಿ ಕಟ್ಟಿಕೊಳ್ಳುತ್ತವೆ. ಮುಟ್ಟದೆ ಬಿಟ್ಟರೆ ಅದು ಅದರ ಪಾಡಿಗೆ ಇರುತ್ತದೆ, ಐದು ವರ್ಷ ನನ್ನ ಟ್ಯಾಂಕಿನಲ್ಲಿ ಇದ್ದ ಹಾಗೆ. ಕದಡಿದ ಕೂಡಲೇ ಎಲ್ಲ ಒಟ್ಟಿಗೆ ನೀರಿಗೆ ಬರುತ್ತದೆ. ಸಾಲದ್ದಕ್ಕೆ ಆ ಕೊಳೆ ನೀರಿನಲ್ಲಿರುವ ಆಮ್ಲಜನಕವನ್ನೂ ತಿನ್ನುತ್ತದೆ. ಉಪ್ಪು ನೀರಿನಲ್ಲಿ ಸಿಹಿನೀರಿಗಿಂತ ಆಮ್ಲಜನಕ ಕರಗುವುದೇ ಕಮ್ಮಿ. ಇನ್ನು ಸಮುದ್ರದ ನೀರಿನ ಪಿಎಚ್ 8.1ರಿಂದ 8.3. ಪಿಎಚ್ ಜಾಸ್ತಿ ಆದಷ್ಟೂ ಅಮೋನಿಯಾ ಹೆಚ್ಚು ವಿಷ. ಪಿಎಚ್ 7 ಇರುವ ಸಿಹಿನೀರಿನ ಟ್ಯಾಂಕಿನಲ್ಲಿ ಮೀನು ತಡೆದುಕೊಳ್ಳುವಷ್ಟು ಅಮೋನಿಯಾ ಇಲ್ಲಿ ಮೀನನ್ನು ಕೊಲ್ಲಬಹುದು.

ಆ ದಿನ ಒಂದು ವಿಷಯದಲ್ಲಿ ಮಾತ್ರ ನಾನು ಎಚ್ಚರವಾಗಿದ್ದೆ, ಅದನ್ನೂ ಇಲ್ಲಿ ಬರೆಯಲೇಬೇಕು. ಜೋವಾ ಮತ್ತು ಅದರ ಜಾತಿಯ ಪ್ಯಾಲಿಥೋವಾದಲ್ಲಿ ಪ್ಯಾಲಿಟಾಕ್ಸಿನ್ ಅನ್ನುವ ವಿಷ ಇರಬಹುದು. ಹವಾಯಿಯ ವಿಜ್ಞಾನಿಗಳು ಇದನ್ನು ಬೇರ್ಪಡಿಸಿ 1971ರಲ್ಲಿ ಪ್ರಕಟಿಸಿದರು, ಪ್ರಕೃತಿಯಲ್ಲಿರುವ ಅತಿ ಘೋರ ವಿಷಗಳಲ್ಲಿ ಇದೂ ಒಂದು. ಕಲ್ಲಿನಿಂದ ಜೋವಾ ಕೆರೆಯುವಾಗ ರಸ ಕಣ್ಣಿಗೆ ಸಿಡಿಯಬಹುದು, ಕೈಯಲ್ಲಿ ಗಾಯ ಇದ್ದರೆ ಒಳಗೆ ಹೋಗಬಹುದು. ಗ್ಲೌಸ್, ಕನ್ನಡಕ ಹಾಕಿಕೊಳ್ಳದೆ ಮುಟ್ಟಬೇಡಿ. ಕಲ್ಲು ಶುದ್ಧ ಆಗಲಿ ಅಂತ ಬಿಸಿನೀರಿನಲ್ಲಿ ಕುದಿಸುವುದಂತೂ ಯಾವತ್ತೂ ಬೇಡ. ಆ ಹಬೆ ಉಸಿರಾಡಿ ಮನೆ ಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ಆಗಿವೆ. ಮಕ್ಕಳಿರುವ ಮನೆಯವರು ಇದನ್ನು ಇನ್ನೊಮ್ಮೆ ಓದಿ.

ಸಂಜೆ ಏಳಕ್ಕೆ ಎಲ್ಲವೂ ಹೊಸ ಟ್ಯಾಂಕಿನಲ್ಲಿತ್ತು. ನೀರು ಹಾಲಿನ ಹಾಗೆ ಬಿಳಿ. ಮೀನು ಎರಡು ಇಂಚು ಆಚೆ ಹೋದರೆ ಕಾಣುತ್ತಿರಲಿಲ್ಲ. ಬೆಳಿಗ್ಗೆ ಹೊತ್ತಿಗೆ ತಿಳಿಯಾಗುತ್ತದೆ ಅಂದುಕೊಂಡೆ. ಅಮೋನಿಯಾ ಅಳೆಯುವ ಕಿಟ್ ಡ್ರಾಯರಿನಲ್ಲಿತ್ತು, ತೆಗೆದು ನೋಡಲಿಲ್ಲ. ಐದು ನಿಮಿಷದ ಕೆಲಸ ಅದು. ಬೆನ್ನು ನೋವು, ಹಸಿವು, ಬೆಳಗಿನಿಂದ ನಿಂತೇ ಇದ್ದೆ.

ಮೇ ತಿಂಗಳು. ಒಂಬತ್ತು ಗಂಟೆಗೆ ಗುಡುಗು ಸಮೇತ ಮಳೆ ಬಂತು, ಕರೆಂಟ್ ಹೋಯಿತು. ಮುಂಗಾರಿಗೆ ಮುಂಚಿನ ಮಳೆಯಲ್ಲಿ ಬೆಂಗಳೂರಿನಲ್ಲಿ ಮರ ಬೀಳುವುದು, ಕರೆಂಟ್ ಹೋಗುವುದು ಎಲ್ಲರಿಗೂ ಗೊತ್ತಿರುವುದೇ. ನಮ್ಮ ಇನ್ವರ್ಟರ್ ದೀಪ, ಫ್ಯಾನಿಗೆ ಮಾತ್ರ. ಟ್ಯಾಂಕಿನ ಪ್ಲಗ್ ಅದಕ್ಕೆ ಸೇರಿಸಿರಲಿಲ್ಲ. ಪಂಪ್ ನಿಂತಿತು, ನೀರನ್ನು ತಿರುಗಿಸುವ ವೇವ್‌ಮೇಕರ್ ನಿಂತಿತು. ಹಳೇ ಟ್ಯಾಂಕಿನಲ್ಲಿ ಎರಡು ಮೂರು ಗಂಟೆ ಹೀಗೆ ನಿಂತರೂ ಏನೂ ಆಗುತ್ತಿರಲಿಲ್ಲ. ಅವತ್ತಿನ ನೀರಿನಲ್ಲಿ ಅಷ್ಟು ತಾಳ್ಮೆ ಇರಲಿಲ್ಲ. ಹನ್ನೊಂದಕ್ಕೆ ಟಾರ್ಚ್ ಬಿಟ್ಟು ನೋಡಿದರೆ ಮೂರೂ ಮೀನು ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು. ಬ್ಯಾಟರಿಯ ಗಾಳಿ ಪಂಪ್ ಮನೆಯಲ್ಲಿ ಇರಲಿಲ್ಲ. ಮಗ್‌ನಲ್ಲಿ ನೀರು ಎತ್ತಿ ಎತ್ತಿ ಮೇಲಿನಿಂದ ಸುರಿಯುತ್ತಾ ನಿಂತೆ. ಒಂದೂವರೆಗೆ ಕರೆಂಟ್ ಬಂತು. ಕೈ ಸೋತುಹೋಗಿತ್ತು.

ಆಗ ಕಿಟ್ ತೆಗೆದೆ. ಹಳದಿ ಇರಬೇಕಾದ ನೀರು ಐದು ನಿಮಿಷಕ್ಕೆ ಕಡು ಹಸಿರಾಯಿತು, ಕಾರ್ಡಿನ ಕೊನೆಯ ಬಣ್ಣದ ಹತ್ತಿರ.

ನೀರು ಬದಲಿಸೋಣ ಅಂದರೆ ಬೆರೆಸಿಟ್ಟ ಉಪ್ಪು ನೀರು ಇದ್ದಿದ್ದು 60 ಲೀಟರ್ ಮಾತ್ರ. ಅಡುಗೆ ಮನೆಯ ಆರ್‌ಒ ನೀರು ಇದಕ್ಕೆ ಆಗುವುದಿಲ್ಲ, ಕುಡಿಯುವುದಕ್ಕೆ ರುಚಿ ಬರಲಿ ಅಂತ ಅದರಲ್ಲಿ ಒಂದಷ್ಟು ಖನಿಜ ಉಳಿಸಿರುತ್ತಾರೆ. ಟ್ಯಾಂಕಿಗೆ ಬೇಕಾಗಿರುವುದು ಉಳಿದ ಖನಿಜವನ್ನೂ ಹಿಡಿಯುವ ಡಿಐ ಫಿಲ್ಟರ್ ದಾಟಿ, ಟಿಡಿಎಸ್ (ಕರಗಿರುವ ಖನಿಜದ ಅಳತೆ) ಸೊನ್ನೆ ತೋರಿಸುವ ನೀರು. ನನ್ನ ಯಂತ್ರ ದಿನಕ್ಕೆ 200 ಲೀಟರ್ ಕೊಟ್ಟರೆ ಜಾಸ್ತಿ. ಆಮೇಲೆ ಲೀಟರಿಗೆ 36 ಗ್ರಾಂ ಆಸುಪಾಸು ಉಪ್ಪು ಹಾಕಿ, ಒಂದು ದಿನ ತಿರುಗಲು ಬಿಡಬೇಕು. ರಾತ್ರಿ ಎರಡು ಗಂಟೆಗೆ ಇದೆಲ್ಲ ಎಲ್ಲಿಂದ ತರುವುದು? ಇದ್ದ 60 ಲೀಟರ್ ಹಾಕಿದೆ. ಅಮೋನಿಯಾ ಕಟ್ಟುವ ಔಷಧಿ ಸ್ವಲ್ಪ ಇತ್ತು, ಅದನ್ನೂ ಹಾಕಿದೆ.

ಬೆಳಿಗ್ಗೆ ಐದೂವರೆಗೆ ರಾಯಲ್ ಗ್ರಾಮ ತಳದಲ್ಲಿ ಬಿದ್ದಿತ್ತು. ಸಿಗಡಿ ಮಗುಚಿಕೊಂಡಿತ್ತು, ಅದರ ಉದ್ದನೆಯ ಬಿಳಿ ಮೀಸೆ ಮಾತ್ರ ಪ್ರವಾಹಕ್ಕೆ ಅಲ್ಲಾಡುತ್ತಿತ್ತು. ಕೈ ಇಟ್ಟರೆ ಹತ್ತಿ ಬಂದು ಉಗುರಿನ ಸಂದಿ ಕೆದಕುತ್ತಿದ್ದ ಸಿಗಡಿ ಅದು. ಗೌರಿ ಗಾಜಿನ ಪಕ್ಕ ಓರೆಯಾಗಿ ಮಲಗಿ ಜೋರಾಗಿ ಉಸಿರಾಡುತ್ತಿದ್ದಳು, ಕಿವಿರುಗಳ ಒಳಗಿನ ಕೆಂಪು ಕಾಣುತ್ತಿತ್ತು. ಗಂಡು ಅವಳನ್ನು ಬಿಟ್ಟು ಕದಲಿರಲಿಲ್ಲ. ಎಂಟು ಗಂಟೆಗೆ, ಮಗಳು ಏಳುವ ಮುಂಚೆ, ಅವಳೂ ಹೋದಳು. ಒಂಬತ್ತಕ್ಕೆ ಹಳೇ ಟ್ಯಾಂಕ್ ಕೊಂಡವರು ಬಂದು ಒಯ್ದರು. ಅದು ಇದ್ದಿದ್ದರೆ ಉಳಿದ ಜೀವಗಳನ್ನು ಅದಕ್ಕೆ ವಾಪಸ್ ಹಾಕಬಹುದಿತ್ತು.

ಪರಿಚಯದ ಒಬ್ಬರು ತಮ್ಮ ಟ್ಯಾಂಕಿಗೆ ಅಂತ ಬೆರೆಸಿಟ್ಟಿದ್ದ 120 ಲೀಟರ್ ನೀರನ್ನು ಕ್ಯಾನುಗಳಲ್ಲಿ ತುಂಬಿ ಕಾರಿನಲ್ಲಿ ತಂದುಕೊಟ್ಟರು. ಗಂಡು ಕ್ಲೌನ್ ಉಳಿದಿದ್ದು ಅವರಿಂದ. ಲೆದರ್ ನಾಲ್ಕು ದಿನದಲ್ಲಿ ಬುಡದಿಂದ ಕರಗಿ ಲೋಳೆಯಾಯಿತು. ಜೋವಾ ಮೂರು ವಾರ ಮುಚ್ಚಿಕೊಂಡೇ ಇದ್ದವು, ಆಮೇಲೆ ಅರ್ಧದಷ್ಟು ತೆರೆದವು. ಮರಳನ್ನೆಲ್ಲ ಪೈಪಿನಲ್ಲಿ ಎಳೆದು ಹೊರಗೆ ಹಾಕಿದೆ. ಅದರಲ್ಲಿ ಒಂದು ಬಕೆಟ್ ಮರಳನ್ನು ಟೆರೇಸಿಗೆ ಒಯ್ದು ತೊಳೆದು ನೋಡಿದೆ. ಮೊದಲ ನೀರು ರಾಗಿ ಅಂಬಲಿ ಬಣ್ಣ. ಹನ್ನೆರಡನೇ ಸಲ ಕೂಡ ನೀರು ತಿಳಿಯಾಗಲಿಲ್ಲ. ಇದನ್ನು ನಾನು ಮೀನುಗಳ ಮೇಲೆ ಸುರಿದಿದ್ದೆ.

ನೀವು ಮಾಡುವುದಾದರೆ ಹೀಗೆ ಮಾಡಿ. ಹಳೇ ಮರಳನ್ನು ಹಳೇ ಟ್ಯಾಂಕಿನಲ್ಲೇ ಬಿಡಿ. ಹೊಸ ಮರಳು ತಂದು, ಚೆನ್ನಾಗಿ ತೊಳೆದು, ಮೀನು ಬಿಡುವ ಮುಂಚೆಯೇ ಹಾಕಿ ನೀರು ತಿಳಿಯಾಗಲು ಬಿಡಿ. ಹಳೇ ಮರಳಿನ ಜೀವ ಬೇಕೇ ಬೇಕು ಅನ್ನಿಸಿದರೆ ಮೇಲಿನಿಂದ ಒಂದು ಬಟ್ಟಲು ತೆಗೆದು ಹಾಕಿ, ಅಷ್ಟೇ ಸಾಕು. ಕಲ್ಲನ್ನು ಹಳೇ ನೀರು ತುಂಬಿದ ಡ್ರಮ್ಮಿನಲ್ಲಿ ಅಲ್ಲಾಡಿಸಿ, ಅಂಟಿರುವ ಕೊಳೆ ಬಿಡಿಸಿ, ಆಮೇಲೆ ಸೇರಿಸಿ. ಟ್ಯಾಂಕಿನ ಅರ್ಧದಷ್ಟಾದರೂ ಉಪ್ಪು ನೀರು ಹೆಚ್ಚುವರಿಯಾಗಿ ಬೆರೆಸಿ ಇಟ್ಟುಕೊಳ್ಳಿ. ಕಷ್ಟದ ಹೊತ್ತಿನಲ್ಲಿ ಅದೊಂದೇ ಕೈ ಹಿಡಿಯುವುದು. ಮಲ್ಪೆಯಿಂದಲೋ ಮಂಗಳೂರಿನಿಂದಲೋ ಸಮುದ್ರದ ನೀರು ತರಿಸುತ್ತೇವೆ ಅನ್ನುವವರು ಇದ್ದಾರೆ, ಮಳೆಗಾಲದಲ್ಲಿ ದಡದ ಹತ್ತಿರ ನದಿ ನೀರು ಸೇರಿ ಉಪ್ಪು ಕಮ್ಮಿಯಾಗಿರುತ್ತದೆ, ಅಳೆಯದೆ ಹಾಕಬೇಡಿ. ದೊಡ್ಡ ಟ್ಯಾಂಕಿಗೆ ಹೊಸ ಲೈಟ್ ಕೂಡ ತಂದಿದ್ದರೆ ಅದನ್ನು ಮೂರನೇ ಒಂದು ಭಾಗದಿಂದ ಶುರು ಮಾಡಿ ವಾರ ವಾರ ಏರಿಸಿ, ಮೊದಲ ದಿನವೇ ಪೂರ್ತಿ ಬೆಳಕು ಬಿಟ್ಟರೆ ಹವಳ ಬಿಳಿಚಿಕೊಳ್ಳುತ್ತದೆ. ಬ್ಯಾಟರಿ ಗಾಳಿ ಪಂಪ್ ಒಂದು ಮನೆಯಲ್ಲಿ ಇರಲಿ, ಬೆಲೆ ಒಂದು ಒಳ್ಳೆ ಮೀನಿಗಿಂತ ಕಮ್ಮಿ. ಎಲ್ಲಕ್ಕಿಂತ ಮುಖ್ಯ, ಹೊಸ ಟ್ಯಾಂಕ್ ಒಂದು ತಿಂಗಳು ಸರಿಯಾಗಿ ನಡೆಯುವ ತನಕ ಹಳೆಯದನ್ನು ಮಾರಬೇಡಿ, ಯಾರಿಗೂ ತಾರೀಕು ಕೊಡಬೇಡಿ.

ಇನ್ನೂ ಅನುಮಾನ ಇದ್ದರೆ ಒಂದು ಪರೀಕ್ಷೆ ಮಾಡಿ ನೋಡಿ. ಟ್ಯಾಂಕಿನ ಒಂದು ಮಗ್ ನೀರು ಹೊರಗೆ ತೆಗೆದು, ಅದಕ್ಕೆ ತಳದಿಂದ ಒಂದು ಹಿಡಿ ಮರಳು ಹಾಕಿ ಕಲಕಿ, ಅದು ಇಳಿದ ಮೇಲೆ ಆ ನೀರಿನ ಅಮೋನಿಯಾ ಅಳೆಯಿರಿ. ಕಿಟ್ ಏನು ಬಣ್ಣ ತೋರಿಸುತ್ತದೆ ಅನ್ನುವುದನ್ನು ನೋಡಿ ತೀರ್ಮಾನ ಮಾಡಿ.

ಈಗ ನಾಲ್ಕು ತಿಂಗಳಾಗಿದೆ. ಟ್ಯಾಂಕಿನಲ್ಲಿ ಅಮೋನಿಯಾ ಸೊನ್ನೆ. 450 ಲೀಟರ್ ನೀರಿನಲ್ಲಿ ಒಂದೇ ಒಂದು ಮೀನು ಇದೆ. ಕ್ಲೌನ್ ಮೀನಿನಲ್ಲಿ ಹೆಣ್ಣು ಸತ್ತರೆ ಗಂಡೇ ನಿಧಾನವಾಗಿ ಹೆಣ್ಣಾಗುತ್ತದೆ, ಆಮೇಲೆ ಚಿಕ್ಕದೊಂದನ್ನು ಜೊತೆಗೆ ಬಿಡಬಹುದು. ನಮ್ಮ ಗಂಡು ಸ್ವಲ್ಪ ಬೆಳೆದಿದೆ ಕೂಡ. ರಾತ್ರಿ ಮಾತ್ರ ಲೆದರ್ ಇದ್ದ ಮೂಲೆಗೇ ಹೋಗಿ ಬರಿ ಕಲ್ಲಿನ ಮೇಲೆ ಮಲಗುತ್ತದೆ. ಮಗಳು ದಿನಾ ಮಲಗುವ ಮುಂಚೆ ಅದು ಅಲ್ಲಿದೆಯಾ ಅಂತ ಟಾರ್ಚ್ ಹಾಕಿ ನೋಡುತ್ತಾಳೆ.